ಗುದ್ಲೆಪ್ಪನ ಓಟಿನ ಲೆಕ್ಕ

ನಮ್ಮ ಆಡೂರಿನ ಗುದ್ಲೆಪ್ಪನಿಗೆ ಓಟಿನ ಲೆಕ್ಕ ಬಿಟ್ಟರೆ ಬೇರೆ ಉದ್ಯೋಗವಿಲ್ಲ. ಯಾವ ಮನೆಯ ಯಜಮಾನ ಯಾರ ಕಡೆ ಎಂದು ತಿಳಿದರೆ ಸಾಕು, ಆ ಮನೆಯ ಉಳಿದವರನ್ನು ಕುರಿಗಳ ಹಾಗೆ ಅವನ ಹಿಂದೆ ಎಣಿಸಿಬಿಡುತ್ತಾನೆ. ಒಂಬತ್ತು ವರ್ಷದ ಹಿಂದೆ ತಾನೇ ಪಂಚಾಯಿತಿಗೆ ನಿಂತು ಒಂದೇ ಒಂದು ಓಟಿನಿಂದ ಸೋತ. ಆ ಓಟು ಟೇಲರ್ ಮಜೀದನದೇ ಎಂದು ಊರೆಲ್ಲ ಸಾರಿದ. ಮಜೀದ ಅಂದರೆ ನಾನು. ನಾನು ಅವನಿಗೇ ಹಾಕಿದ್ದೆ, ನನ್ನ ಬುದ್ಧಿಗೆ ಬೆಂಕಿ ಬೀಳಲಿ. ಅಂದಿನಿಂದ ಅವನು ಅಂಗಿ ಹೊಲಿಸಲು ಬಸ್ಸು ಹತ್ತಿ ಹಾನಗಲ್ಲಿಗೆ ಹೋಗುತ್ತಾನೆ.

ಮೊನ್ನೆ ಇಪ್ಪತ್ನಾಲ್ಕನೇ ಇಸವಿಯಲ್ಲಿ ಬ್ರಿಟನ್ನಿನ ಚುನಾವಣೆ ಬಂತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಮಂದಿಯ ಎಲೆಯ ನೊಣ ಎಣಿಸುವ ಈ ಪಂಡಿತ ಅದನ್ನು ಬಿಟ್ಟಾನೆಯೇ? ನನ್ನ ಅಂಗಡಿಯ ಎದುರಿನ ಚಹಾದಂಗಡಿಯಲ್ಲಿ ಸವಣೂರು ವೀಳ್ಯದೆಲೆ ಜಗಿಯುತ್ತ ಶುರು ಮಾಡಿದ.

"ಅಲ್ಲಿನ ಪ್ರಧಾನಿ ನಮ್ಮ ರಕ್ತದವ. ಅವನ ಪಕ್ಷಕ್ಕ ನೂರು ವರ್ಷದಿಂದ ಬೀಳೋ ಊರು ಅದಾವ ಅಲ್ಲಿ. ಅಪ್ಪ ಹಾಕಿದಲ್ಲೇ ಮಗ, ಗಂಡ ಹಾಕಿದಲ್ಲೇ ಹೆಂಡ್ತಿ. ಓಟಂದ್ರ ಎಲ್ಲಾ ಕಡೆ ಇಷ್ಟ ನೋಡ್ರಿ."

ಗೋವಿನಜೋಳ ಕೊಳ್ಳಲು ಬಂದಿದ್ದ ಚಿಕ್ಕೇರೂರಿನ ರುದ್ರೇಶ ಫೋನಿನಲ್ಲಿ ಸಮೀಕ್ಷೆ ತೋರಿಸಿದ. "ಮಂದಿ ತಿರುಗ್ಯಾರ್ರಿ. ಆ ಪಕ್ಷದ ಹದಿನಾಲ್ಕ ವರ್ಷದ ಆಳಿಕಿ ಸಾಕಾಗೇತಂತ ಅವರಿಗೆ."

"ಫೋನ್ ಏನ್ ಓಟ್ ಹಾಕ್ತೇತೇನು? ಅವನ ಪಕ್ಷನ ಗೆಲ್ತೇತಿ, ನನ್ನ ಹೋರಿ ಪಣ!" ಗುದ್ಲೆಪ್ಪ ತೊಡೆ ತಟ್ಟಿದ. ರುದ್ರೇಶ ತನ್ನ ಬೈಕನ್ನು ಎದುರಿಗೆ ಒಡ್ಡಿದ.

ನನ್ನ ಹೋರಿಯಂತೆ! ಅದು ಅವನ ಹೆಂಡತಿ ಸಾವಂತ್ರವ್ವ ತವರಿನಿಂದ ಕರುವಾಗಿ ತಂದು, ಹಿಂಡಿ ಕಲಸಿ ತಿನ್ನಿಸಿ ಬೆಳೆಸಿದ್ದು. ಎರಡು ದೀಪಾವಳಿ ಹೋರಿ ಬೆದರಿಸುವ ಆಟದಲ್ಲಿ ಕೊರಳ ತುಂಬ ಕೊಬ್ಬರಿ ಹಾರ ಹೊತ್ತು ಓಡಿದೆ. ಹಿಡಿಯಲು ಬಂದ ಒಬ್ಬ ಗಂಡಸಿಗೂ ಒಂದು ಬಟ್ಟಲು ಕೊಬ್ಬರಿ ಸಿಕ್ಕಿಲ್ಲ. ಗುದ್ಲೆಪ್ಪ ಅದಕ್ಕೆ ಒಂದು ಹಿಡಿ ಹುಲ್ಲು ಹಾಕಿದ್ದನ್ನು ನಾನಂತೂ ಕಂಡಿಲ್ಲ.

ಶುಕ್ರವಾರ ಫಲಿತಾಂಶ ಬಂತು. ನೂರು ವರ್ಷದ ಊರುಗಳೇ ಕೈಕೊಟ್ಟಿದ್ದವು. ಶನಿವಾರ ಬೆಳಿಗ್ಗೆ ರುದ್ರೇಶ ಹಗ್ಗ ಹಿಡಿದು ಟೆಂಪೊ ತಂದು ಗುದ್ಲೆಪ್ಪನ ಅಂಗಳದಲ್ಲಿ ನಿಲ್ಲಿಸಿದ. ಓಣಿಯವರ ಜೊತೆ ನಾನೂ ಹೋದೆ. ಇಂಥದ್ದನ್ನು ನೋಡದೆ ಬಿಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಸಾವಂತ್ರವ್ವ ಅಳಲಿಲ್ಲ. "ಪಣ ಕಟ್ಟಿದವ್ರ ಬಿಚ್ಚಿ ಕೊಡ್ಲಿ. ಅವರ ಹಿಂದ ಹೋರಿ ಬಂದ್ರ ಒಯ್ರಿ," ಎಂದಳು.

ಗುದ್ಲೆಪ್ಪ ಮೀಸೆ ತಿರುವುತ್ತ ಕೊಟ್ಟಿಗೆಗೆ ನುಗ್ಗಿದ. ಹೋರಿ ತಲೆ ತಗ್ಗಿಸಿ ಒಮ್ಮೆ ಕೊಂಬು ಬೀಸಿತು, ಅಷ್ಟೇ. ಅಂಗಿಯ ತೋಳನ್ನು ಕೊಂಬಿಗೆ ಬಿಟ್ಟು ಮಹಾಪಂಡಿತ ತಿಪ್ಪೆಗೆ ಹಾರಿದ್ದ.

ರುದ್ರೇಶ ನಗುತ್ತ ಹಗ್ಗ ಸುತ್ತಿಕೊಂಡ. "ಹೋರಿ ಇರ್ಲಿ ಬಿಡವ್ವಾ. ಇದನ್ನ ಹಿರೇಕೆರೂರು ಸಂತ್ಯಾಗ ಹೇಳ್ತೇನಿ, ನನಗ ಅಷ್ಟ ಸಾಕು."

ಸಗಣಿ ಒರೆಸಿಕೊಳ್ಳುತ್ತ ಗುದ್ಲೆಪ್ಪ ಹೆಂಡತಿಯ ಮೇಲೆ ಹರಿಹಾಯ್ದ. "ನನ್ನ ಮನ್ಯಾಗ ನನ್ನ ಮಾತ ನಡ್ಯಂಗಿಲ್ಲೇನ?"

"ಯಾವಾಗ ನಡದೇತಿ? ಲಗ್ನ ಆದಾಗಿಂದ ನನ್ನ ಓಟು ನಿಮ್ಮ ಲೆಕ್ಕದಾಗ ಹಿಡದೀರಿ. ನೀವು ಹೇಳಿದವಂಗ ಒಂದ ಸರ್ತೀನೂ ಹಾಕಿಲ್ಲ ನಾ."

ನಾವೆಲ್ಲ ನಕ್ಕೆವು. ಗುದ್ಲೆಪ್ಪ ಬೆರಳು ಮಡಚುತ್ತ ಹಳೆಯ ಚುನಾವಣೆಗಳನ್ನು ಎಣಿಸತೊಡಗಿದ. ಒಂದು ಬೆರಳಿಗೆ ಬಂದು ನಿಂತ.

"ಅಂದ್ರ... ನಾ ನಿಂತ ವರ್ಷ?"

ಸಾವಂತ್ರವ್ವ ಹೋರಿಯ ಮುಂದೆ ಹಿಂಡಿಯ ಬುಟ್ಟಿ ಇಟ್ಟು ನನ್ನ ಕಡೆ ತಿರುಗಿದಳು.

"ಮಜೀದಣ್ಣಾ, ಇವರ ಅಂಗಿ ಹರದೇತಿ. ಅಳತಿ ತಗೋರಿ."