ತ್ರಿವಿಕ್ರಮದವರೆಗೆ

ನಮ್ಮ ಮನೆಯ ಡೀಸೆಲ್ ಪಿಕಪ್ ಗಾಡಿಯನ್ನು ತಿರುಗಿಸಬೇಕಾದರೆ ದೇವರ ಹೆಸರು ಹೇಳಬೇಕಿತ್ತು. ಅದರಲ್ಲಿ ಭಕ್ತಿ ಎಷ್ಟು, ಯಂತ್ರದ ಸವಕಳಿ ಎಷ್ಟು ಎಂದು ನಾನು ಎಂದೂ ವಿಂಗಡಿಸಲು ಹೋಗಲಿಲ್ಲ. ಸ್ಟೀರಿಂಗ್ ಸಡಿಲವಾಗಿತ್ತು. ಅದನ್ನು ತಿರುಗಿಸಿದ ಸುದ್ದಿ ಮುಂದಿನ ಗಾಲಿಗಳಿಗೆ ತಲುಪಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಆ ಹೊತ್ತನ್ನು ನನ್ನ ಹೆಂಡತಿ ಇಂದಿರಮ್ಮ ಆಚಮನದ ನಾಮಗಳಿಂದ ಅಳೆಯುತ್ತಿದ್ದಳು.

ಇಂದಿರಮ್ಮ ದೆಹಲಿಯ ಕನ್ನಡದವರ ಮದುವೆ, ಮುಂಜಿ, ಸೀಮಂತಗಳಿಗೆ ಅಡುಗೆ ಮಾಡಿಸುತ್ತಿದ್ದಳು. ಕೊಳಗ, ಕಡಾಯಿಗಳನ್ನು ಸಾಗಿಸಲು ಈ ಗಾಡಿಯನ್ನು ಕೊಂಡು, ಓಡಿಸುವುದನ್ನು ತಾನೇ ಕಲಿತಳು. ಆಮೇಲೆ ನನಗೂ ಕಲಿಸಿದಳು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಿಂಗ್ ರೋಡಿಗೆ ಇಳಿದರೆ ಬಸ್ಸಿನವರೂ ಪಕ್ಕಕ್ಕೆ ಸರಿಯುತ್ತಿದ್ದರು.

ಗಾಡಿ ಬಂದ ಹೊಸತರಲ್ಲಿ ‘ಕೇಶವ’ ಎಂದರೆ ಸಾಕು, ತಿರುಗುತ್ತಿತ್ತು. ಮಗಳು ಲಾವಣ್ಯಾ ಕಾಲೇಜು ಸೇರುವ ಹೊತ್ತಿಗೆ ‘ಮಾಧವ’ದವರೆಗೆ ಹೋಗಬೇಕಾಯಿತು. ಕೊನೆಕೊನೆಗೆ ‘ಕೇಶವ, ನಾರಾಯಣ, ಮಾಧವ, ಗೋವಿಂದ, ವಿಷ್ಣು, ಮಧುಸೂದನ, ತ್ರಿವಿಕ್ರಮ’ ಎಂದ ಮೇಲೆಯೇ ಅದು ಮಗ್ಗುಲು ಬದಲಿಸುತ್ತಿತ್ತು. ಹೇಳುವ ನಡುವೆ ಯಾವನಾದರೂ ಸೈಕಲ್ಲಿನವನು ಅಡ್ಡ ಬಂದೇ ಬರುತ್ತಿದ್ದನಾದ್ದರಿಂದ ಇಂದಿರಮ್ಮನ ಬಾಯಲ್ಲಿ ಅದು ‘ಮಧುಸೂದನ, ಸರಿಯೋ ಭಯ್ಯಾ, ತ್ರಿವಿಕ್ರಮ’ ಎಂದೇ ರೂಢಿಯಾಗಿತ್ತು.

“ಗಾಡಿ ಹಳೇದಾದಷ್ಟೂ ನನಗೆ ಪುಣ್ಯ ಜಾಸ್ತಿ ನೋಡಿ” ಎಂದು ನಗುತ್ತಿದ್ದಳು. “ಕೊನೇ ನಾಮ ದಾಮೋದರದವರೆಗೆ ಬಂತು ಅಂದ್ರೆ ಇಬ್ಬರೂ ನೇರ ವೈಕುಂಠಕ್ಕೇ.”

ದಾಮೋದರಕ್ಕೆ ಅವಳು ಕಾಯಲಿಲ್ಲ. ಹೋದ ಕಾರ್ತಿಕದಲ್ಲಿ, ಏಕಾದಶಿಯ ಮಾರನೆಯ ಬೆಳಗ್ಗೆ, ಪಾರಣೆಗೆ ಎಲೆ ಹಾಕಿಟ್ಟು ಒಬ್ಬಳೇ ಹೊರಟುಹೋದಳು.

ಲಾವಣ್ಯಾ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದಾಳೆ. ಕಿದ್ವಾಯಿ ನಗರದ ಅವಳ ಕ್ವಾರ್ಟರ್ಸಿನಲ್ಲಿ ನಾವಿಬ್ಬರೇ ಉಳಿದೆವು. ಅಡುಗೆಯ ಕಸುಬು ನಿಂತಿತು. ಪ್ರತಿ ಶನಿವಾರ ಲೋಧಿ ಕಾಲೋನಿಯ ಸುಶೀಲಮ್ಮನವರ ಮನೆಯ ಭಜನೆಗೆ ಒಂದು ಕೊಳಗ ಪುಳಿಯೋಗರೆ ಒಯ್ಯುವ ಇಂದಿರಮ್ಮನ ನೇಮವನ್ನು ಮಾತ್ರ ನಾನು ಬಿಡಲಿಲ್ಲ. ನನ್ನ ಪುಳಿಯೋಗರೆ ಅವಳದರಂತಾಗುತ್ತಿರಲಿಲ್ಲ. ಭಕ್ತರು ಅದನ್ನೂ ವ್ರತವೆಂದು ತಿಳಿದು ತಿನ್ನುತ್ತಿದ್ದರು.

ಒಂದು ಶನಿವಾರ ಸುಶೀಲಮ್ಮನವರು ರಿಪೇರಿಯಾದ ಹಾರ್ಮೋನಿಯಂ ಅನ್ನು ಅಂಗಡಿಯಿಂದ ಬಿಡಿಸಿಕೊಂಡು, ತೊಡೆಯ ಮೇಲಿಟ್ಟುಕೊಂಡು, ಮನೆಗೆ ಮರಳಲು ನನ್ನ ಪಕ್ಕದಲ್ಲಿ ಕುಳಿತಿದ್ದರು. ಲೋಧಿ ಕಾಲೋನಿಯ ಗೋಲ್ ಚಕ್ಕರ್, ಅಂದರೆ ರಸ್ತೆಗಳು ಕೂಡುವ ವೃತ್ತ, ಬಂತು. ನಾನು ತಿರುಗಿಸುತ್ತ ‘ಗೋವಿಂದ’ ಎಂಬಲ್ಲಿಗೆ ಬರುವಾಗ ಕೆಮ್ಮು ಬಂತು. ನಾಮ ನಿಂತಿತು, ನಾಮದೊಡನೆ ಕೈಯೂ ನಿಂತಿತು. ಗಾಡಿ ನೇರವಾಗಿ ಚಕ್ಕರಿನ ಮೇಲಕ್ಕೆ ಹತ್ತಿ ಚೆಂಡುಹೂವಿನ ಪಾತಿಯ ನಡುವೆ ನಿಂತಿತು. ಹಾರ್ಮೋನಿಯಂ ತಾನಾಗಿ ಒಂದು ಸ್ವರ ಹಿಡಿಯಿತು.

ಸುಶೀಲಮ್ಮನವರು ಸುತ್ತ ನೋಡಿ, “ಮೂರ್ತಿಗಳೇ, ಇವತ್ತು ಭಜನೆ ಇಲ್ಲೇನಾ?” ಎಂದರು.

ಸಂಜೆಗೆ ಸುದ್ದಿ ಲಾವಣ್ಯಾಗೆ ತಲುಪಿತು.

“ಅಪ್ಪಾ, ಐಸೇ ನಹೀಂ ಚಲೇಗಾ, ಹೀಗಾದ್ರೆ ನಡೆಯಲ್ಲ. ಸ್ಟೀರಿಂಗ್ ಸರಿ ಮಾಡಿಸಿ. ಇಲ್ಲಾಂದ್ರೆ ಕೀ ನನಗೆ ಕೊಡಿ, ಗಾಡಿ ಮಾರಿಬಿಡೋಣ. ಪುಳಿಯೋಗರೆ ಆಟೋದಲ್ಲಿ ಹೋಗತ್ತೆ.”

“ಆಟೋದಲ್ಲಿ ಕೊಳಗ ಹಿಡಿಸಲ್ಲಮ್ಮ.”

“ಹಾಗಾದ್ರೆ ಟಿಫಿನ್ ಡಬ್ಬಿ.”

ಭಜನೆಗೆ ಟಿಫಿನ್ ಡಬ್ಬಿಯಲ್ಲಿ ಪ್ರಸಾದ! ನಾನು ರಿಪೇರಿಗೆ ಒಪ್ಪಿದೆ. ಆದರೆ ಮನಸ್ಸು ಕುಸಿಯಿತು. ಸ್ಟೀರಿಂಗ್ ಸಡಿಲವಾಗಿದ್ದ ಆ ಜಾಗದಲ್ಲೇ ನನಗೆ ಇಂದಿರಮ್ಮನ ದನಿ ಕೇಳಿಸುತ್ತಿತ್ತು. ಅದು ಬಿಗಿಯಾದರೆ ಆ ದನಿ ಎಲ್ಲಿರಬೇಕು? ಮಾಡಿಸದಿದ್ದರೆ ಗಾಡಿಯೇ ಹೋಗುತ್ತದೆ.

ಕೋಟ್ಲಾದ ಗ್ಯಾರೇಜಿನ ಹರ್‌ಚರಣ್ ಸಿಂಗ್ ಭಾರಿ ಆಳು, ಭಾರಿ ಮಾತುಗಾರ. ಸ್ಟೀರಿಂಗಿನ ಸಡಿಲಕ್ಕೆ ಗ್ಯಾರೇಜಿನವರು ಪ್ಲೇ ಎನ್ನುತ್ತಾರೆ.

“ಬಾವೂಜಿ, ಪ್ಲೇ ಕಿತನಾ ಹೈ?” ಎಷ್ಟಿದೆ ಎಂದು ಕೇಳಿದ.

“ತ್ರಿವಿಕ್ರಮ್ ತಕ್” ಎಂದೆ, ತ್ರಿವಿಕ್ರಮದವರೆಗೆ.

ಅವನು ನನ್ನನ್ನೂ ಗಾಡಿಯನ್ನೂ ಒಮ್ಮೆ ನೋಡಿ, ಗಾಡಿಯ ಕೆಳಗೆ ಮಲಗಿದ. ನಾನು ಮೇಲೆ ಕುಳಿತು ತಿರುಗಿಸುತ್ತ ನಾಮಗಳನ್ನು ಹೇಳಿದೆ. ಏಳನೆಯ ನಾಮಕ್ಕೆ ಗಾಲಿ ಅಲುಗಿತು. ಹರ್‌ಚರಣ್ ಹೊರಗೆ ಬಂದು ಕೈ ಮುಗಿದ. ಪಕ್ಕದ ಅಂಗಡಿಗಳವರನ್ನು ಕರೆದು ಇನ್ನೊಮ್ಮೆ ಹೇಳಿಸಿದ. ಟೈರಿನವನು ಮೂರನೆಯ ಬಾರಿಗೂ ಕೇಳಿದ. ಅವನು ಮೊದಲು ನೋಡಿರಲಿಲ್ಲವಂತೆ.

ಬಿಚ್ಚಿದ ಮೇಲೆ ಸ್ಟೀರಿಂಗ್ ಬಾಕ್ಸಿನ ಹಲ್ಲುಗಳನ್ನು ನೋಡಿದೆ. ನನ್ನ ಹಲ್ಲುಗಳಂತೆಯೇ ಇದ್ದವು. ಗಾಲಿಗಳನ್ನು ಕೂಡಿಸುವ ರಾಡಿನ ಜಾಯಿಂಟುಗಳು ಕೈಯಲ್ಲೇ ಗಲಗಲ ಎನ್ನುತ್ತಿದ್ದವು.

“ಇದನ್ನೆಲ್ಲ ಎಸೆಯಿರಿ ಬಾವೂಜಿ” ಎಂದ ಹರ್‌ಚರಣ್ ತನ್ನ ಹಿಂದಿಯಲ್ಲಿ. “ಮಾಯಾಪುರಿಯ ಗುಜರಿಯಲ್ಲಿ ಹೊಸ ಮಾದರಿಯ ಗಾಡಿಯೊಂದು ಬಿದ್ದಿದೆ. ಅದರ ಪವರ್ ಸ್ಟೀರಿಂಗನ್ನೇ ಕೂರಿಸಿಬಿಡುತ್ತೇನೆ. ಒಂದು ಬೆರಳು ಸಾಕು, ಮಹಾರಾಜರಂತೆ ಓಡಿಸಿ!”

ನಾಳೆ ಎಂದವನು ಮುಂದಿನ ವಾರಕ್ಕೆ ಮುಗಿಸಿದ. ಹೊಸ ಬಾಕ್ಸು, ಹೊಸ ಜಾಯಿಂಟು. ಎಂಜಿನ್ನಿನ ಪಕ್ಕದಲ್ಲಿ ಬೆಲ್ಟಿನಿಂದ ತಿರುಗುವ ಒಂದು ಪಂಪು, ಅದಕ್ಕೊಂದು ಎಣ್ಣೆಯ ಡಬ್ಬಿ. ಸ್ಟೀರಿಂಗನ್ನು ಮೊದಲು ತಲೆಕೆಳಗಾಗಿ ಕೂರಿಸಿದ್ದ. “ಡಿಜೈನ್ ಹೈ ಜೀ” ಎಂದು ಸಮರ್ಥಿಸಿಕೊಂಡು, ಲಾವಣ್ಯಾ ದಿಟ್ಟಿಸಿದ ಮೇಲೆ ಬಿಚ್ಚಿ ನೇರ ಮಾಡಿದ.

ಭಾನುವಾರ ಬೆಳಗ್ಗೆ ಪರೀಕ್ಷೆ. ಲಾವಣ್ಯಾ ಪಕ್ಕದಲ್ಲಿ ಕುಳಿತಳು.

“ಕಾಲೋನಿ ಒಂದು ಸುತ್ತು ಹಾಕಿ, ಲೋಧಿ ಕಾಲೋನಿ ಚಕ್ಕರ್‌ವರೆಗೆ ಹೋಗಿಬನ್ನಿ. ಸರಿಯಾದ್ರೆ ಕೀ ನಿಮ್ಮದು. ಇಲ್ಲಾ ನನ್ನದು. ಡೀಲ್?”

“ಆಗಲಮ್ಮ.”

ನಮ್ಮ ಸಾಲು ಮುಗಿಯುವ ಮೊದಲು ಬೇವಿನ ಮರದ ಕೆಳಗೆ ಇಸ್ತ್ರಿಯವನ ಮೇಜಿದೆ. ಅದು ಕಂಡೊಡನೆ ತಿರುಗಿಸಲು ತೊಡಗಿದರೆ, ಅದನ್ನು ದಾಟಿ ತಿರುವು ಬರುವ ವೇಳೆಗೆ ತ್ರಿವಿಕ್ರಮ ಬರುತ್ತಿದ್ದ. ಇಷ್ಟು ವರ್ಷದ ಪದ್ಧತಿ ಅದು. ಮೇಜು ಕಂಡಿತು. ನಾನು ‘ಕೇಶವ’ ಎಂದು ತಿರುಗಿಸಿದೆ.

ಗಾಡಿ ಕೇಶವನಿಗೇ ತಿರುಗಿಬಿಟ್ಟಿತು! ‘ನಾರಾಯಣ’ ಎನ್ನುವಾಗ ಮುಂದಿನ ಗಾಲಿ ಕಟ್ಟೆ ಹತ್ತಿತ್ತು. ‘ಮಾಧವ’ನಿಗೆ ಬ್ರೇಕ್ ತುಳಿದೆ. ಮೇಜು ಮೆಲ್ಲಗೆ ಮಗುಚಿತು. ಇಸ್ತ್ರಿಯವನು ಕೆಂಡದ ಪೆಟ್ಟಿಗೆಯನ್ನು ಎದೆಯೆತ್ತರಕ್ಕೆ ಹಿಡಿದುಕೊಂಡು ಹಿಂದಕ್ಕೆ ನೆಗೆದ. ಮಡಿಸಿಟ್ಟ ಅಂಗಿಗಳೆಲ್ಲ ಬಾನೆಟ್ಟಿನ ಮೇಲೆ ಬಂದು ಕುಳಿತವು. ನಾನು ಮಾತ್ರ ನಿಂತ ಗಾಡಿಯಲ್ಲಿ ತ್ರಿವಿಕ್ರಮದವರೆಗೆ ಹೇಳಿ ಮುಗಿಸಿದೆ.

“ಅಂಕಲ್ ಜೀ” ಎಂದ ಇಸ್ತ್ರಿಯವನು ಹಿಂದಿಯಲ್ಲಿ, “ಬಟ್ಟೆ ಕೊಡೋದಿದ್ರೆ ಕೂಗಿದ್ರೆ ಸಾಕಿತ್ತಲ್ಲ, ನಾನೇ ಬರ್ತಿದ್ದೆ.”

ನಾವಿಬ್ಬರೂ ಇಳಿದು ಮೇಜು ಎತ್ತಿ, ಅಂಗಿಗಳನ್ನು ಮಡಿಸಿ ಕೊಟ್ಟೆವು. ಲಾವಣ್ಯಾ ನನ್ನ ಮುಂದೆ ಅಂಗೈ ಚಾಚಿದಳು.

“ಇನ್ನೊಂದು ಸಲ” ಎಂದೆ. “ಈ ಸಲ ಬಾಯಿ ಬಿಡೋದಿಲ್ಲ.”

ಬಾಯಿ ಬಿಡಲಿಲ್ಲ. ತುಟಿ ಬಿಗಿದು ತಿರುವಿನ ಹತ್ತಿರ ಬಂದೆ. ಆದರೆ ಕೈ ಏಳಲೊಲ್ಲದು. ನಾಮವಿಲ್ಲದೆ ತಿರುಗಿಸುವ ಅಭ್ಯಾಸ ಅದಕ್ಕೆ ಎಂದೂ ಇರಲಿಲ್ಲ. ತಿರುವು ಬಂತು, ಹೋಯಿತು. ಅದರ ಮುಂದಿನದೂ ಹೋಯಿತು. ಗಾಡಿ ಬಾಣದಂತೆ ನೇರವಾಗಿ ಕಾಲೋನಿಯ ಗೇಟು ದಾಟಿ ದೊಡ್ಡ ರಸ್ತೆಯ ಅಂಚಿಗೆ ಬಂದು ನಿಂತಿತು.

“ಅಪ್ಪಾ, ಎಲ್ಲಿಗೆ ಹೊರಟಿದ್ದೀರಿ? ಮೈಸೂರಿಗಾ?”

ನಾನು ಎಂಜಿನ್ ಆರಿಸಿದೆ. ಕೀಲಿಯನ್ನು ಕಿತ್ತು ಅವಳ ಮಡಿಲಿಗೆ ಹಾಕಿದೆ. “ತಗೋಮ್ಮ. ನಿಮ್ಮಮ್ಮನ ಹಾಗೆ ಹೇಳದೆ ನನಗೆ ಓಡಿಸೋಕೆ ಬರೋದಿಲ್ಲ. ಹೇಳಿದ್ರೆ ಈ ಗಾಡಿಗೆ ಆಗೋದಿಲ್ಲ.”

ಲಾವಣ್ಯಾ ಕೀಲಿಯನ್ನು ಮಡಿಲಿನಿಂದ ಎತ್ತಿಕೊಂಡಳು. ಆಮೇಲೆ ರೇಗಿದಳು.

“ಅಪ್ಪಾ, ಸಂಧ್ಯಾವಂದನೇಲಿ ಆಚಮನ ಮೊದಲಾ, ಅರ್ಘ್ಯ ಮೊದಲಾ?”

“ಆಚಮನ.”

“ಅದು ಮುಗಿಯೋಕೆ ಮುಂಚೆ ಅರ್ಘ್ಯ ಬಿಡ್ತೀರಾ?”

“ಉಂಟೇ!”

“ಮತ್ತೆ ಇಲ್ಲಿ ಯಾಕೆ ಎರಡೂ ಒಟ್ಟಿಗೇ? ತಿರುವು ಬಂದ್ರೆ ಸೈಡಿಗೆ ನಿಲ್ಲಿಸಿ, ಇಂಡಿಕೇಟರ್ ಹಾಕಿ, ನಿಮ್ಮ ತ್ರಿವಿಕ್ರಮ್‌ತನಕ ಹೇಳಿ. ಆಮೇಲೆ ತಿರುಗಿಸಿ. ಸಿಂಪಲ್.” ಕೀಲಿಯನ್ನು ತಾನೇ ಸಿಕ್ಕಿಸಿದಳು. “ಲಾಸ್ಟ್ ಚಾನ್ಸ್. ಚಲೋ.”

ಅರವತ್ತು ದಾಟಿದ ವೈದಿಕನಿಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಲೋಧಿ ಕಾಲೋನಿಯ ಚಕ್ಕರ್ ಬಂತು. ನಾನು ಅಂಚಿಗೆ ಸರಿದು ನಿಲ್ಲಿಸಿದೆ. ಇಂಡಿಕೇಟರ್ ಟಿಕ್ ಟಿಕ್ ಎಂದಿತು. “ಕೇಶವ, ನಾರಾಯಣ” ಎಂದು ತೊಡಗಿದೆ. ಹಿಂದಿನಿಂದ ಹಾರನ್ ಶುರುವಾಯಿತು. “ಅರೇ ಚಲೋ ಭಾಯಿ!” ಎಂದು ಯಾರೋ ಕೂಗಿದರು. ನನಗೆ ಗಾಬರಿಯಾಗಿ ಗೋವಿಂದನ ಬಳಿ ನಾಲಿಗೆ ತೊಡರಿತು.

ಪಕ್ಕದಿಂದ ಲಾವಣ್ಯಾ ಎತ್ತಿಕೊಂಡಳು. “ಗೋವಿಂದ, ವಿಷ್ಣು, ಮಧುಸೂದನ, ಸರಿಯೋ ಭಯ್ಯಾ, ತ್ರಿವಿಕ್ರಮ.”

ಎದುರಿಗೆ ಯಾವ ಸೈಕಲ್ಲೂ ಇರಲಿಲ್ಲ. ಎರಡು ವಾಕ್ಯ ಕನ್ನಡ ಹೇಳುವಷ್ಟರಲ್ಲಿ ಹಿಂದಿಗೆ ಜಾರುವ ಹುಡುಗಿ, ಅವಳಮ್ಮನ ಎಳೆತದಲ್ಲಿಯೇ, ಆ ಭಯ್ಯಾನನ್ನೂ ಬಿಡದೆ ಹೇಳಿದ್ದಳು. ಹೇಳಿದ ಮೇಲೆ ತಿಳಿಯಿತೋ ಏನೋ, ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು.

ನಾನು ಸ್ಟೀರಿಂಗ್ ತಿರುಗಿಸಿದೆ. ಗಾಡಿ ಚಕ್ಕರಿನ ಸುತ್ತ ಪ್ರದಕ್ಷಿಣೆಯಂತೆ ಸರಾಗವಾಗಿ ಹೋಯಿತು. ಚೆಂಡುಹೂವಿನ ಪಾತಿಯ ಮಾಲಿ ನಮ್ಮನ್ನು ಕಂಡು ಗುದ್ದಲಿ ಹಿಡಿದು ಎದ್ದುನಿಂತವನು, ನಾವು ರಸ್ತೆಯಲ್ಲೇ ಮುಂದೆ ಹೋದದ್ದನ್ನು ನೋಡಿ ಮತ್ತೆ ಕುಳಿತ.

ಮನೆಗೆ ಬಂದಾಗ ಲಾವಣ್ಯಾ ಕೀಲಿ ಕೇಳಲಿಲ್ಲ. “ಸರಿ ಅಪ್ಪಾ. ಆದ್ರೆ ಪುಳಿಯೋಗರೆಗೆ ಬೆಲ್ಲ ಸ್ವಲ್ಪ ಜಾಸ್ತಿ ಹಾಕಿ. ಅಮ್ಮ ಹಾಕ್ತಿದ್ರು” ಎಂದಳಷ್ಟೆ.

ಮುಂದಿನ ಶನಿವಾರ ಸುಶೀಲಮ್ಮನವರು, ಎಚ್ಚರಿಕೆಗೆ ಹಾರ್ಮೋನಿಯಂ ಅನ್ನು ಮನೆಯಲ್ಲೇ ಬಿಟ್ಟು, ಭಜನೆಗೆ ಹೂ ಕೊಳ್ಳಲು ಪೇಟೆಗೆ ಬಂದಿದ್ದವರು ಮನೆಗೆ ಮರಳಲು ಮತ್ತೆ ನನ್ನ ಗಾಡಿ ಹತ್ತಿದರು. ಒಂದೊಂದು ತಿರುವಿನಲ್ಲೂ ನಾನು ನಿಲ್ಲಿಸಿ ನಾಮ ಹೇಳುವುದನ್ನು, ಹಿಂದಿನವರು ಹಾರನ್ ಹೊಡೆಯುವುದನ್ನು ಸಹಿಸಿಕೊಂಡು ಕುಳಿತಿದ್ದವರು ಚಕ್ಕರಿನ ಹತ್ತಿರ ಬಾಯಿಬಿಟ್ಟರು.

“ಮೂರ್ತಿಗಳೇ, ಹೇಗೂ ನಿಂತೇ ಇದ್ದೀವಿ. ದಾಮೋದರದವರೆಗೂ ಹೇಳಿಬಿಡಿ. ಅರ್ಧಕ್ಕೆ ಯಾಕೆ ಬಿಡ್ತೀರಿ?”

“ಬೇಡ ಸುಶೀಲಮ್ಮ” ಎಂದೆ. “ಅಲ್ಲಿವರೆಗೆ ಹೋದ್ರೆ ವೈಕುಂಠವಂತೆ. ಪುಳಿಯೋಗರೆ ಆರಿಹೋಗತ್ತೆ.”