ಕೈ ನೋಡುವ ಶಿವಮಲ್ಲಪ್ಪನವರು

ಶಿವಮಲ್ಲಪ್ಪನವರು ಯಾರನ್ನು ಕಂಡರೂ ಮೊದಲು ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಎದುರಿನವರು ಚಾಚಿದ ಕೈಯನ್ನು ಹಿಡಿದು, ಅಂಗೈ ಮೇಲಾಗುವಂತೆ ತಿರುಗಿಸಿ, ಬೆರಳುಗಳ ಬುಡದಲ್ಲಿ ತಮ್ಮ ಹೆಬ್ಬೆರಳನ್ನು ಒಮ್ಮೆ ಒತ್ತಿ, ಹಿಡಿದಷ್ಟೇ ಮೃದುವಾಗಿ ಬಿಟ್ಟುಬಿಡುತ್ತಿದ್ದರು. ಹೊಸಬರು ಇವರನ್ನು ಹಸ್ತಸಾಮುದ್ರಿಕ ಬಲ್ಲವರೆಂದು ತಿಳಿದದ್ದೂ ಉಂಟು. ನಮ್ಮ ಬೀದಿಯ ಚೆಲುವಮ್ಮ ಒಮ್ಮೆ, "ನನ್ ಮಗಳಿಗೆ ಗಂಡು ಯಾವಾಗ ಸಿಕ್ತದೆ ಅಂತ ಏನಾರ ಕಾಣ್ತದಾ ಸ್ವಾಮಿ?" ಎಂದು ಕೇಳಿಯೇಬಿಟ್ಟರು.

"ಅದೆಲ್ಲ ಕಾಣಾಕಿಲ್ಲ ಕಣಮ್ಮ. ನೀವು ದಿನಾ ಬಾವಿ ಹಗ್ಗ ಎಳೀತಿದ್ದೋರು, ಈಗ ನಲ್ಲಿ ಬಂದು ಸುಖವಾಗಿದ್ದೀರಿ. ಅಷ್ಟು ಕಾಣ್ತದೆ."

ಚೆಲುವಮ್ಮ ಬೆರಗಾಗಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಮೇಟಗಳ್ಳಿಯ ಕಡೆ ಟ್ರಸ್ಟೊಂದು ನಡೆಸುತ್ತಿದ್ದ ಐ.ಟಿ.ಐ.ನಲ್ಲಿ ಶಿವಮಲ್ಲಪ್ಪನವರು ಮೂವತ್ತೊಂದು ವರ್ಷ ಫಿಟ್ಟರ್ ವಿಭಾಗದ ಬೋಧಕರಾಗಿದ್ದರು. ನಾನು ಕನ್ನಡ ಕಲಿಸುತ್ತಿದ್ದ ಪ್ರೌಢಶಾಲೆಗೂ ಅದಕ್ಕೂ ನಡುವೆ ಒಂದೇ ಗೋಡೆ. ನಮ್ಮ ಕಡೆಯಿಂದ ಪದ್ಯದ ರಾಗ ಕೇಳಿದರೆ ಅವರ ಕಡೆಯಿಂದ ಕಬ್ಬಿಣದ ಮೇಲೆ ಅರ ಉಜ್ಜುವ ಕರಕರ ಸದ್ದು. ಸಂಜೆ ಅವರು ನೀಲಿ ಕೋಟನ್ನು ಬಿಚ್ಚದೆಯೇ ಮನೆಗೆ ಹೊರಡುತ್ತಿದ್ದರು. ಆ ಕೋಟಿನ ಬಲಮೊಳಕೈಗೆ ಬೇರೆ ಬಣ್ಣದ ತೇಪೆ, ಮೇಲಿನ ಜೇಬಿನಲ್ಲಿ ಉಕ್ಕಿನ ಅಳತೆಪಟ್ಟಿ. ವರ್ಷಾನುಗಟ್ಟಲೆ ಎಡಗಾಲು ಮುಂದಿಟ್ಟು ಅರ ಹಿಡಿದು ನಿಂತ ಮೈ ಅದು. ಬಸ್ ನಿಲ್ದಾಣದಲ್ಲಿಯೂ ಎಡಗಾಲು ಮುಂದಿಟ್ಟೇ ನಿಲ್ಲುತ್ತಿತ್ತು, ನಡೆಯುವಾಗ ಎಡಕ್ಕೆ ತುಸು ವಾಲುತ್ತಿತ್ತು. ಯಾರ ಮನೆಗೆ ಹೋದರೂ ಬಾಗಿಲ ಚೌಕಟ್ಟಿನ ಮೂಲೆಯನ್ನು ಬೆರಳಿನಿಂದ ತಡವಿ ನೋಡದೆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ನನ್ನ ಪುಸ್ತಕದ ಕಪಾಟು ಕೂದಲೆಳೆಯಷ್ಟು ಓರೆಯೆಂದು ಹನ್ನೆರಡು ವರ್ಷ ನನ್ನನ್ನು ಹಂಗಿಸಿದರು.

ಅವರ ಕಲಿಸುವ ಕ್ರಮವೂ ಹಾಗೆಯೇ. ಹೊಸದಾಗಿ ಸೇರಿದವರಿಗೆ ಮೊದಲ ಎರಡು ತಿಂಗಳು ಬೇರೆ ಕೆಲಸವೇ ಇಲ್ಲ: ಕೈಗೊಂದು ಅರ, ಮುಂದೊಂದು ಕಬ್ಬಿಣದ ತುಂಡು. ಉಜ್ಜಿ ಉಜ್ಜಿ ಅದನ್ನು ಸಮತಟ್ಟು ಮಾಡಬೇಕು. ಮಾಡಿದ್ದೇನೆಂದು ತಂದು ಕೊಟ್ಟರೆ, ಅದಕ್ಕೆ ಮೂಲೆಮಟ್ಟವನ್ನು ಒತ್ತಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತುತ್ತಿದ್ದರು. ಕಬ್ಬಿಣಕ್ಕೂ ಮಟ್ಟಕ್ಕೂ ನಡುವೆ ಬೆಳಕು ನುಸುಳಿದರೆ, ಬೈಯದೆ, ಮುಖ ಗಂಟಿಕ್ಕದೆ, ತುಂಡನ್ನು ಹಿಂದಕ್ಕೆ ಕೊಟ್ಟು "ಇನ್ನೊಂಚೂರು" ಎನ್ನುತ್ತಿದ್ದರು. ಆ ಮಾತನ್ನು ಸಾವಿರ ಸಲ ಕೇಳಿ ಗಟ್ಟಿಯಾದವರು ಈ ಊರಿನಲ್ಲಿ ನೂರಾರು ಮಂದಿ ಇದ್ದಾರೆ. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕನಾಗಿರುವ ಮರಿಸ್ವಾಮಿ ನನ್ನ ತರಗತಿಯಲ್ಲಿ ತನ್ನ ಹೆಸರನ್ನೇ ತಪ್ಪಿಲ್ಲದೆ ಬರೆಯಲಾರದವನು. ಇಂದು ಅವನ ಕೈಕೆಳಗೆ ನಲವತ್ತು ಜನ.

ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶದ ಮರುದಿನವೇ ಶಿವಮಲ್ಲಪ್ಪನವರು ನಮ್ಮ ಶಾಲೆಗೆ ಬರುತ್ತಿದ್ದರು. "ಮೂವತ್ತೈದಕ್ಕೆ ನಿಂತೋರನ್ನೆಲ್ಲ ಈ ಕಡೆ ಕಳಿಸ್ಬುಡಿ ಮೇಷ್ಟ್ರೆ. ಕೈ ಇರೋರಿಗೆಲ್ಲ ಕಸುಬೈತೆ." ನಾನು ಕಳಿಸುತ್ತಿದ್ದೆ. ದಿಕ್ಕು ತೋಚದ ತಂದೆತಾಯಿಯರಿಗೆ ಒಂದು ದಿಕ್ಕು ತೋರಿದೆನೆಂಬ ಸಮಾಧಾನ ನನಗೂ ಬೇಕಾಗಿತ್ತು. ಒಮ್ಮೆ ಮಾತ್ರ ಸಂಶಯ ಬಂದು ಕೇಳಿದೆ:

"ಎಲ್ಲರಿಗೂ ಒಗ್ಗುತ್ತದೆಯೇ ಮಲ್ಲಪ್ಪನವರೆ?"

"ಒಗ್ಗಲ್ಲ ಅನ್ನೋ ಮೇಷ್ಟ್ರು ಕಲಿಸೋಕೆ ಸೋಮಾರಿ ಅಂತ ಲೆಕ್ಕ" ಎಂದು ನಕ್ಕುಬಿಟ್ಟರು. ನಾನೂ ನಕ್ಕೆ.

ಅವರಿಗೆ ಒಬ್ಬನೇ ಮಗ, ಮಹದೇವಪ್ರಸಾದ್. ಅವನೂ ನನ್ನ ವಿದ್ಯಾರ್ಥಿಯೇ. ಮೆಲುಮಾತಿನ ಎಡಚ ಹುಡುಗ, ಅಂಕಗಳು ಮಧ್ಯಮ. ಅವನ ಅಜ್ಜಿ ಬಸಮ್ಮನವರಿಗೆ ಲಕ್ವ ಹೊಡೆದು ಮೂರು ವರ್ಷ ಹಾಸಿಗೆಯಲ್ಲಿದ್ದಾಗ, ಅವರನ್ನು ಮಗ್ಗುಲು ತಿರುಗಿಸುವುದು, ತಲೆ ಬಾಚುವುದು, ಉಗುರು ಕತ್ತರಿಸುವುದು ಎಲ್ಲವೂ ಅವನದೇ. ಬೇರೆ ಯಾರು ಮುಟ್ಟಿದರೂ ಚೀರುತ್ತಿದ್ದ ಮುದುಕಿ ಅವನು ಮುಟ್ಟಿದರೆ ಸುಮ್ಮನಾಗುತ್ತಿದ್ದರು. ಹತ್ತನೆಯ ತರಗತಿ ಮುಗಿದಾಗ ಅವನು ತಾಯಿ ಪ್ರೇಮಲೀಲಾ ಅವರ ಮೂಲಕ ಒಂದು ಕೋರಿಕೆಯನ್ನು ತಂದೆಗೆ ಮುಟ್ಟಿಸಿದ: ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ನರ್ಸಿಂಗ್ ಸೇರಬೇಕು.

"ಫಿಟ್ಟರ್ ಮೇಷ್ಟ್ರ ಮಗ ಹೋಗಿ ಮಲದ ಪಾತ್ರೆ ಹಿಡೀಬೇಕಾ?" ಎಂದರಂತೆ ಶಿವಮಲ್ಲಪ್ಪನವರು. ಮಾತು ಅಲ್ಲಿಗೆ ಮುಗಿಯಿತು. ಊರವರ ಕೈಯನ್ನೆಲ್ಲ ಹಿಡಿದು ನೋಡಿದವರು ಮಗನ ಕೈಯನ್ನು ಮಾತ್ರ ನೋಡಲಿಲ್ಲ. ಅದು ತಮ್ಮದೇ ಕೈಯೆಂದು ಭಾವಿಸಿದ್ದರೋ ಏನೋ.

ಪ್ರಸಾದ್ ಎರಡು ವರ್ಷ ತಂದೆಯ ಕೈಕೆಳಗೆ ಅರ ಹಿಡಿದ. ಕೊನೆಯ ಪರೀಕ್ಷೆಯಲ್ಲಿ ಒಂದರೊಳಗೊಂದು ಬಿಗಿಯಾಗಿ ಕೂರುವಂತಹ ಎರಡು ಕಬ್ಬಿಣದ ತುಂಡುಗಳನ್ನು ಮಾಡಿಕೊಡಬೇಕು. ಎಲ್ಲರೂ ನೋಂದಣಿ ಸಂಖ್ಯೆ ಒತ್ತಿದ ತಮ್ಮ ತುಂಡುಗಳನ್ನು ಒಪ್ಪಿಸಿ ಊಟಕ್ಕೆ ಹೋದರು. ಹೊರಗಿನಿಂದ ಬಂದಿದ್ದ ಪರೀಕ್ಷಕರೂ ಊಟಕ್ಕೆ ಹೋದರು. ಶಿವಮಲ್ಲಪ್ಪನವರೊಬ್ಬರೇ ಉಳಿದು ಮಗನ ತುಂಡುಗಳನ್ನು ಕೈಗೆತ್ತಿಕೊಂಡರು. ಕೂಡಿಸಿ ನೋಡಿದರು. ಕೂರಲಿಲ್ಲ. ಮೂವತ್ತು ವರ್ಷದಲ್ಲಿ ಯಾರ ಮಗನಿಗೂ ಮಾಡದ ಕೆಲಸವನ್ನು ಅಂದು ಅವರು ಮಾಡಿದರು: ಅರ ತೆಗೆದುಕೊಂಡು ಮೂರೇ ಮೂರು ಸಲ ಎಳೆದರು. ತುಂಡು ಸರಕ್ಕನೆ ಕೂತಿತು. ಮಗ ಪಾಸಾದ.

ಆದರೆ ಅವಸರದಲ್ಲಿ ಅಂತಹ ಕುಶಲಿಯೂ ಒಂದು ಸಂಗತಿಯನ್ನು ಮರೆತಿದ್ದರು. ಬಲಗೈಯವರು ಉಜ್ಜಿದರೆ ಅರದ ಗೀರು ಒಂದು ಕಡೆಗೆ ಓರೆಯಾಗುತ್ತದೆ, ಎಡಚರು ಉಜ್ಜಿದರೆ ಇನ್ನೊಂದು ಕಡೆಗೆ. ಪರೀಕ್ಷಕರು ಅಳತೆ ನೋಡಿದರೇ ಹೊರತು ಗೀರು ನೋಡಲಿಲ್ಲ. ತುಂಡುಗಳನ್ನು ಹಿಂದಿರುಗಿಸಿದಾಗ ಪ್ರಸಾದ್ ನೋಡಿದ. ಅವನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದಿಟ್ಟುಕೊಂಡ.

ಮುಂದೆ ಎಂಟು ವರ್ಷ ಕಾರ್ಖಾನೆಯೊಂದರ ದುರಸ್ತಿ ವಿಭಾಗದಲ್ಲಿ ಕೆಲಸ. ಬೆಳಗಿನ ಪಾಳಿಯ ಬಸ್ಸಿಗೆ ನಿಂತ ಅವನನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. "ಹೇಗಿದೆಯಪ್ಪ ಕೆಲಸ?" ಎಂದರೆ, "ನಡೀತಿದೆ ಸಾರ್" ಎನ್ನುತ್ತಿದ್ದ. ತಪ್ಪಾಗದಿರಲೆಂದು ಪ್ರತಿಯೊಂದು ಬೋಲ್ಟನ್ನೂ ಮೂರು ಸಲ ಬಿಗಿಮಾಡುತ್ತಿದ್ದನಂತೆ. ಜೊತೆಯವರು 'ಮಡಿ ಫಿಟ್ಟರ್' ಎಂದು ರೇಗಿಸುತ್ತಿದ್ದರಂತೆ. ಆದರೂ ಒಂದು ದಿನ ತಪ್ಪಿತು. ಅವನು ಯಂತ್ರವೊಂದಕ್ಕೆ ಕೂರಿಸಿದ್ದ ರಕ್ಷಣೆಯ ತಗಡು ಸಡಿಲವಾಗಿ ಕಳಚಿಬಿತ್ತು. ಆ ಯಂತ್ರ ನಡೆಸುತ್ತಿದ್ದ ಸುನಿಲ್ ಎಂಬ ಗೆಳೆಯನ ಎರಡು ಬೆರಳು ಹೋದವು. ವಿಚಾರಣೆಯಲ್ಲಿ ಯಾರೂ ಪ್ರಸಾದನನ್ನು ದೂಷಿಸಲಿಲ್ಲ. ಸುನಿಲನೂ ಆಸ್ಪತ್ರೆಯ ಹಾಸಿಗೆಯಿಂದಲೇ, "ಬುಡೋ ಮಡಿ, ಇನ್ನೂ ಎಂಟು ಅವೆ" ಎಂದು ತಮಾಷೆ ಮಾಡಿದನಂತೆ. ಆ ತಮಾಷೆಯನ್ನೇ ಪ್ರಸಾದನಿಗೆ ತಾಳಿಕೊಳ್ಳಲಾಗಲಿಲ್ಲ.

ಅಂದು ಸಂಜೆ ಅವನು ಕರವಸ್ತ್ರವನ್ನು ತಂದೆಯ ಮುಂದೆ ಬಿಚ್ಚಿಟ್ಟ. "ಅಪ್ಪಾಜಿ, ಇದು ನನ್ನ ಕೈಯಲ್ಲ. ಅವತ್ತೇ ಗೊತ್ತಿತ್ತು. ಅವತ್ತು ನೀವು ನನ್ನ ಫೇಲ್ ಮಾಡಿದ್ದಿದ್ರೆ ಚೆನ್ನಾಗಿತ್ತು."

ಇಷ್ಟನ್ನೂ ನನಗೆ ಹೇಳಿದವರು ಶಿವಮಲ್ಲಪ್ಪನವರೇ. ಆ ವೇಳೆಗೆ ನಾವಿಬ್ಬರೂ ನಿವೃತ್ತರು. ಅಂದು ನಮ್ಮ ಜಗುಲಿಯಲ್ಲಿ ಕೂತವರು ಬಾಗಿಲ ಮೂಲೆಯನ್ನು ಮುಟ್ಟಲಿಲ್ಲ, ಕಾಫಿಯನ್ನೂ ಮುಟ್ಟಲಿಲ್ಲ. "ನಾನು ಏನಂದೆ ಗೊತ್ತಾ ಮೇಷ್ಟ್ರೆ? 'ನಿನಗೋಸ್ಕರ ಮಾಡ್ದೆ ಕಣೋ' ಅಂದೆ. ತಪ್ಪಾಯ್ತು ಅನ್ನೋ ಒಂದು ಮಾತು ಬಾಯಿಗೆ ಬರ್ಲಿಲ್ಲ." ಮಗ ಕೆಲಸ ಬಿಟ್ಟಿದ್ದ, ಮನೆಯನ್ನೂ ಬಿಟ್ಟಿದ್ದ. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಹಾಸಿಗೆ ಹಿಡಿದ ವೃದ್ಧರಿಗಾಗಿ ನಡೆಯುವ ಚಿಕ್ಕದೊಂದು ಆಸ್ಪತ್ರೆಯಲ್ಲಿ ಆಯಾಗಳ ಜೊತೆಗೆ ಸಹಾಯಕನಾಗಿ ಸೇರಿದ್ದ. ನರ್ಸಿಂಗ್ ಓದುವ ವಯಸ್ಸೂ ಅನುಕೂಲವೂ ಕಳೆದುಹೋಗಿದ್ದವು. ಹಬ್ಬಕ್ಕೆ ಬಂದು ತಾಯಿಯೊಡನೆ ಮಾತನಾಡಿ ಹೋಗುತ್ತಿದ್ದ. ತಂದೆಯೊಡನೆ "ಊಟ ಆಯ್ತಾ" ಎಂಬಷ್ಟೇ.

ಕಳೆದ ಮಾಘದಲ್ಲಿ ಒಂದು ಬೆಳಿಗ್ಗೆ ಶಿವಮಲ್ಲಪ್ಪನವರು ಬಂದು, "ಇವತ್ತು ಹೇಳೇಬುಡ್ತೀನಿ, ಜೊತೆಗೆ ಬನ್ನಿ ಮೇಷ್ಟ್ರೆ" ಎಂದರು. ಬಸ್ಸಿಳಿದು ಇಬ್ಬರೂ ಆ ಆಸ್ಪತ್ರೆಯ ಬಾಗಿಲಲ್ಲಿ ನಿಂತೆವು. ಪ್ರಸಾದ್ ನಮಗೆ ಬೆನ್ನು ಮಾಡಿಕೊಂಡು, ಎಲುಬಿನ ಗೂಡಾಗಿದ್ದ ಒಬ್ಬ ಮುದುಕನನ್ನು ಮಗ್ಗುಲಿಗೆ ತಿರುಗಿಸುತ್ತಿದ್ದ.

"ತಾತ, ಬಲಗಡೆ ನಿಮ್ ಸೊಸೆ ಬಂದವ್ರೆ, ಈ ಕಡೆ ತಿರುಗ್ಬುಡಿ."

"ಅಂಗಾರೆ ಎಡಕ್ಕೇ ತಿರುಗ್ಸೋ, ಮಾರಾಯ!"

ವಾರ್ಡಿನ ತುಂಬ ನಗು. ಆ ನಗುವಿನ ನಡುವೆಯೇ ಒಂದು ಕೈ ಭುಜದಡಿಯಲ್ಲಿ, ಒಂದು ಕೈ ಸೊಂಟದಡಿಯಲ್ಲಿ ಹೋಗಿ, ಮುದುಕನಿಗೆ ತಾನು ಅಲುಗಾಡಿದ್ದೇ ತಿಳಿಯದಂತೆ ಮೈ ತಿರುಗಿತ್ತು. ನಾನು ಪಕ್ಕಕ್ಕೆ ನೋಡಿದೆ. ಶಿವಮಲ್ಲಪ್ಪನವರ ಕಣ್ಣು ಮಗನ ಕೈಗಳ ಮೇಲಿತ್ತು. ಆ ಕಣ್ಣು ತುಂಬಿಕೊಂಡಿತ್ತು.

"ಕರೆಯಲೇ?" ಎಂದೆ.

"ಬ್ಯಾಡಿ" ಎಂದವರೇ ಹೊರಟುಬಿಟ್ಟರು. ಬಸ್ಸಿಗೆ ಕಾಯುತ್ತ ಹೇಳಿದರು: "ಎಂಥ ಕೆಲಸಗಾರ ಅಲ್ವಾ ಮೇಷ್ಟ್ರೆ? ಚೆನ್ನಾಗಿ ಮಾಡ್ತೀಯ ಕಣೋ ಅಂತ ಹೋಗಿ ಹೇಳಿದ್ರೆ, 'ಹತ್ತು ವರ್ಷ ಎಲ್ಲೋಗಿತ್ತು ಈ ಮಾತು' ಅಂತ ಕೇಳಲ್ವಾ? ಶಿವರಾತ್ರಿಗೆ ಮನೆಗೆ ಬತ್ತಾನೆ. ಅವಾಗ ಹೇಳ್ತೀನಿ."

ಶಿವರಾತ್ರಿಗೆ ಇನ್ನೂ ಎಂಟು ದಿನವಿರುವಾಗ, ಸ್ನಾನ ಮುಗಿಸಿ ಲಿಂಗಪೂಜೆಗೆ ಕೂತವರು ಹಾಗೆಯೇ ಒರಗಿಕೊಂಡರು. ಡಾಕ್ಟರು ಬರುವ ವೇಳೆಗೆ ಎಲ್ಲವೂ ಮುಗಿದಿತ್ತು.

ಶಿವಗಣಾರಾಧನೆಯ ದಿನ ಬಡಿಸುತ್ತಿದ್ದ ಪ್ರಸಾದನನ್ನು ಹಿತ್ತಲಿಗೆ ಕರೆದು, ತಂದೆ ಹೇಳಬೇಕೆಂದಿದ್ದ ಮಾತನ್ನು ನಾನೇ ಹೇಳಿದೆ. ಹೇಳದೆ ಹೋದರೆ ನನ್ನ ಮೇಲೆ ಋಣವಾಗಿ ಉಳಿಯುತ್ತದೆಂಬ ಭಯ. ಅವನು ಪಾಯಸದ ಬಕೆಟ್ಟನ್ನು ಕೆಳಗಿಟ್ಟ.

"ಗೊತ್ತು ಸಾರ್. ನೀವಿಬ್ರೂ ಬಂದಿದ್ದು ಔಷಧಿ ಬೀರೂ ಗಾಜಲ್ಲಿ ಕಾಣ್ತಿತ್ತು."

"ಮತ್ತೆ ಯಾಕಪ್ಪ ತಿರುಗಿ ನೋಡಲಿಲ್ಲ?"

"ನಾನು ತಿರುಗಿದ್ರೆ ಅಪ್ಪಾಜಿ ತಪ್ಪಾಯ್ತು ಅನ್ನಬೇಕಾಗ್ತಿತ್ತು. ಅವರ ಬಾಯಲ್ಲಿ ಅದನ್ನ ಕೇಳೋಕೆ ನನಗೆ ಆಗ್ತಿರ್ಲಿಲ್ಲ ಸಾರ್. ನಾನು ಯಾವಾಗಲೋ ಮರೆತುಬುಟ್ಟಿದ್ದೆ. ಇನ್ನೊಂದ್ಸಲ ಬತ್ತಾರಲ್ಲ, ಅವಾಗ ನಾನೇ ಹೋಗಿ ಮಾತಾಡ್ಸೋಣ ಅಂದ್ಕೊಂಡೆ."

ಅಷ್ಟರಲ್ಲಿ ಒಳಗಿನಿಂದ ಪ್ರೇಮಲೀಲಾ ಅವರು, "ಪ್ರಸಾದೂ, ಪಾಯಸ ಎರಡನೇ ಸಾಲಿಗೆ ಬಂದೇ ಇಲ್ಲ ಕಣಪ್ಪ" ಎಂದು ಕೂಗಿದರು. ಅವನು ಬಕೆಟ್ಟೆತ್ತಿಕೊಂಡು ಒಳಗೆ ಹೋದ.

ಶಿವಮಲ್ಲಪ್ಪನವರಂತಹವರು ಕೆಟ್ಟವರಲ್ಲ. ತಮ್ಮನ್ನು ಕಾಪಾಡಿದ ಕೆಲಸವೊಂದು ಲೋಕವನ್ನೆಲ್ಲ ಕಾಪಾಡುತ್ತದೆಂದು ನಂಬಿದವರು ಅವರು. ಆ ನಂಬಿಕೆಯಿಂದಲೇ ನೂರು ಮನೆಗಳಲ್ಲಿ ಒಲೆ ಹೊತ್ತಿದೆ. ನೂರಕ್ಕೆ ಒಗ್ಗಿದ್ದು ನೂರೊಂದನೆಯವನಿಗೆ ಒಗ್ಗದಿದ್ದಾಗ, ಅದನ್ನು ಒಪ್ಪಿಕೊಳ್ಳುವ ಬದಲು ತಾವೇ ಕೈಹಾಕಿ ಒಗ್ಗಿಸಿಬಿಡುತ್ತಾರೆ, ಅದೂ ಪ್ರೀತಿಯಿಂದಲೇ. ನಾನು ಗೋಡೆಯಾಚೆಗೆ ಕಳಿಸಿಕೊಟ್ಟ ಮಕ್ಕಳಲ್ಲಿ ಎಷ್ಟು ಜನಕ್ಕೆ ಆ ಕಸುಬು ಹಿಡಿಸಿತು, ಎಷ್ಟು ಜನ ಹಿಡಿಸಿದಂತೆ ನಟಿಸುತ್ತ ಬೆಳಗಿನ ಬಸ್ಸು ಹತ್ತುತ್ತಿದ್ದಾರೆ ಎಂದು ನಾನೂ ಒಂದು ದಿನ ವಿಚಾರಿಸಿದವನಲ್ಲ. ಕಲಿಸುವವರಾಗಲಿ, ಹೆತ್ತವರಾಗಲಿ, ನಾವೆಲ್ಲ ನಮ್ಮ ತಪ್ಪನ್ನು ಹೇಳಿಕೊಳ್ಳಲು ಒಳ್ಳೆಯ ದಿನವೊಂದನ್ನು ಹುಡುಕುತ್ತ ಕೂರುತ್ತೇವೆ. ಮಕ್ಕಳು ಅಷ್ಟರಲ್ಲಾಗಲೇ ಕ್ಷಮಿಸಿರುತ್ತಾರೆ. ಅದನ್ನು ಅವರು ಹೇಳುವಷ್ಟು ಹೊತ್ತು ಬಾಗಿಲಲ್ಲಿ ನಿಲ್ಲುವುದು ನಮ್ಮಿಂದಾಗುವುದಿಲ್ಲ.