ಬೇರೆ ವಾಸ

"ಅಡುಗೆ ಯಾರು ಮಾಡ್ತಾರೆ?" ಲಾಯರಮ್ಮ ಕೇಳಿದರು.

"ನಂದು ನಾನು, ಅವರದ್ದು ಅವರು," ಎಂದಳು ಹೆಂಡತಿ.

"ಬಟ್ಟೆ?"

"ಅದೂ ಅಷ್ಟೇ," ಎಂದ ಗಂಡ.

ಕೋರ್ಟಿನ ವರಾಂಡದ ಬೆಂಚಿನ ಮೇಲೆ ಮೂವರೂ ಕೂತಿದ್ದರು. ಇಬ್ಬರೂ ಒಪ್ಪಿ ವಿಚ್ಛೇದನ ಕೇಳಬೇಕಾದರೆ ಒಂದು ವರ್ಷ ಬೇರೆ ವಾಸ ಮಾಡಿರಬೇಕು. ಇನ್ನೊಂದು ಮನೆಗೆ ಬಾಡಿಗೆ ಕಟ್ಟುವ ತಾಕತ್ತಿಲ್ಲದೆ ಇವರು ಒಂದೇ ಮನೆಯಲ್ಲಿ ಬೇರೆಯಾಗಿದ್ದರು. ಅವಳು ಕೋಣೆಯಲ್ಲಿ, ಅವನು ನಡುಮನೆಯಲ್ಲಿ. ಫ್ರಿಜ್ಜನ್ನೂ ಪಾಲು ಮಾಡಿಕೊಂಡಾಗಿತ್ತು. ಮೊಟ್ಟೆ ಇಡುವ ಜಾಗದ್ದು ಮಾತ್ರ ಇನ್ನೂ ಇತ್ಯರ್ಥವಾಗಿರಲಿಲ್ಲ.

"ಒಂದೇ ಸೂರಿನ ಕೆಳಗಿದ್ರೂ ನಡೆಯುತ್ತೆ, ಗಂಡ ಹೆಂಡ್ತಿ ಥರ ಇರಬಾರದು ಅಷ್ಟೇ. ಇಂಗ್ಲಿಷರ ಹಳೇ ಕಾನೂನಿನಲ್ಲಿ ಇದನ್ನ ಹಾಸಿಗೆಯಿಂದ, ಊಟದಿಂದ ಬೇರೆಯಾಗೋದು ಅಂತಿದ್ರು," ಎಂದು ಲಾಯರಮ್ಮ ಬಿಡಿಸಿ ಹೇಳಿದರು. "ಹೆಚ್ಚಿಗೆ ಮಾತಾಡಿ ಕೆಡಿಸ್ಕೋಬೇಡಿ. ಅರ್ಜಿ ಬಿದ್ದೋದ್ರೆ ಮತ್ತೆ ಮೊದಲಿನಿಂದ ಒಂದು ವರ್ಷ."

ಇನ್ನೊಂದು ವರ್ಷ ಹೀಗೇ ಇರುವುದು ಅವಳಿಗೆ ಆಗದ ಮಾತಾಗಿತ್ತು. ಮನೆ ಇಬ್ಬರ ಹೆಸರಿನಲ್ಲಿತ್ತು. ಅದನ್ನು ಮಾರಿ ಅವರವರ ದಾರಿ ನೋಡಿಕೊಳ್ಳುವುದು ತೀರ್ಪು ಬಂದ ಮೇಲೇ ಎಂದು ಮಾತಾಗಿತ್ತು. ಅವಳಿಗೆ ಅವನ ಮೇಲೆ ದ್ವೇಷವೇನೂ ಇರಲಿಲ್ಲ. ಜಗಳವಾಡಿ ಆಡಿ ಸುಸ್ತಾಗಿತ್ತು, ಅಷ್ಟೇ.

ಒಳಗೆ ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರಿಗೂ ಬೆಳಗಿನಿಂದ ಇದೇ ಕೆಲಸ.

"ಈ ಒಂದು ವರ್ಷದಲ್ಲಿ ಯಾವತ್ತಾದ್ರೂ ಗಂಡ ಹೆಂಡತಿಯಾಗಿ ಬಾಳಿದ್ದೀರಾ?"

"ಇಲ್ಲ ಸಾರ್," ಎಂದಳು ಹೆಂಡತಿ.

ಗಂಡ ಒಂದು ಹೆಜ್ಜೆ ಮುಂದೆ ಬಂದ. ಲಾಯರಮ್ಮ ಕೆಮ್ಮಿದರು.

"ನಡುವೆ ನಂಗೆ ಜ್ವರ ಬಂದಿತ್ತು ಸಾರ್," ಎಂದ ಅವನು, ಮೆಲ್ಲಗೆ. "ಇಳಿಯೋ ತನಕ ಇವಳು ಪಕ್ಕದಲ್ಲೇ ಕೂತಿದ್ಲು. ಹಣೆಗೆ ಒದ್ದೆಬಟ್ಟೆ ಹಾಕಿದ್ಲು. ಗಂಜಿ ಕುಡಿಸಿದ್ಲು. ಅದು ಲೆಕ್ಕಕ್ಕೆ ಬರುತ್ತೋ ಇಲ್ವೋ ನಂಗೊತ್ತಿಲ್ಲ."

ಲಾಯರಮ್ಮ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಹೆಂಡತಿ ತಿರುಗಿ ಅವನನ್ನು ನೋಡಿದಳು. ಅವನ ಕಣ್ಣಿನಲ್ಲಿ ತಂಟೆಯೇನೂ ಇರಲಿಲ್ಲ, ಆಸೆಯಿತ್ತು. ಇಷ್ಟು ದಿನ ಅದನ್ನು ಮನೆಯಲ್ಲಿ ಹೇಳಲಾಗದವನು ಈಗ ಇಲ್ಲಿ, ಇಷ್ಟು ಜನರ ಮುಂದೆ ಹೇಳುತ್ತಿದ್ದ. ಅವಳಿಗೆ ಅಯ್ಯೋ ಅನಿಸಿತು.

"ಏನಮ್ಮಾ, ನಿಜಾನಾ?" ಕೇಳಿದರು ನ್ಯಾಯಾಧೀಶರು.

"ನಿಜ ಸಾರ್."

"ಹೆಂಡತಿಯಾಗಿ ಮಾಡಿದ್ದಾ?"

ಅವಳು ನ್ಯಾಯಾಧೀಶರ ಕಡೆ ತಿರುಗಿದಳು.

"ಪಕ್ಕದ ಮನೆಯವರಿಗೆ ಬಂದಿದ್ರೂ ಕೂರ್ತಿದ್ದೆ ಸಾರ್."

ಅವನು ತಲೆಯಾಡಿಸಿದ, ಸರಿಯಾದ ಬೆಲೆ ಕೇಳಿಸಿಕೊಂಡವನ ಹಾಗೆ. ನ್ಯಾಯಾಧೀಶರು ಬೇರೆ ವಾಸ ನಿಜವೆಂದು ಬರೆದುಕೊಂಡರು. ಗುಮಾಸ್ತ ಕಾಗದ ಮುಂದಿಟ್ಟು, ಸಹಿ ಹಾಕುವ ಜಾಗಗಳನ್ನು ಬೆರಳಿನಲ್ಲಿ ತೋರಿಸಿದ. ಇದ್ದದ್ದು ಒಂದೇ ಪೆನ್ನು. ಅವಳು ಸಹಿ ಹಾಕಿ, ಮುಚ್ಚಳ ಹಾಕದೆ, ಅದನ್ನು ಅವನ ಕಡೆ ಚಾಚಿ ಹಿಡಿದಳು.